ಎಡಗೈಯ ತಾಂಬೂಲ

ಮಾತಿನಲ್ಲಿ ನನ್ನನ್ನು ಸೋಲಿಸುವ ಗಂಡಸು ಅಟ್ಟೂರಿನಿಂದ ಚಿಕ್ಕಜಾಲದವರೆಗೆ ಒಬ್ಬನೂ ಹುಟ್ಟಿಲ್ಲ. ಇದು ಅರ್ಧ ಸುಳ್ಳು ದಿವ್ಯಾ, ಒಪ್ಪಿಕೊಳ್ಳುತ್ತೇನೆ. ಚಿಕ್ಕಜಾಲದಲ್ಲಿ ಒಬ್ಬರು ಹುಟ್ಟಿದ್ದರು. ರಾಮಕೃಷ್ಣಪ್ಪ ಅಂತ. ನೀನು ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬರುವ ಮೊದಲಿನ ಮಾತಿದು. ಕೂತು ಕೇಳು.

ಎದುರು ಮನೆ ಆಶಾರಾಣಿಯ ಗೃಹಪ್ರವೇಶ. ಅವಳ ಅಪ್ಪನೇ ಈ ರಾಮಕೃಷ್ಣಪ್ಪ. ಗೇಟಿನ ಹತ್ತಿರ ನಿಂತು ಊಟ ಮುಗಿಸಿದವರಿಗೆಲ್ಲ ತಾಂಬೂಲದ ಚೀಲ ಕೊಡುತ್ತಿದ್ದರು. ಬಿಳಿ ಪಂಚೆ, ಬಿಳಿ ಮೀಸೆ, ವಿಧಾನಸೌಧವನ್ನೇ ತಾವು ಕಟ್ಟಿಸಿದ ಹಾಗೆ ಉಬ್ಬಿಸಿದ ಎದೆ.

ನನ್ನ ಸರದಿ ಬಂತು. ಬಲಗೈ ಬೆರಳು ಅವತ್ತು ಇಡ್ಲಿಯ ಹಾಗೆ ಊದಿತ್ತು. ಸೆರಗಿನೊಳಗೆ ಬಚ್ಚಿಟ್ಟುಕೊಂಡು ಎಡಗೈ ಚಾಚಿದೆ. ಅವರು ಚೀಲವನ್ನು ಹಿಂದಕ್ಕೆ ಎಳೆದುಕೊಂಡರು.

"ತಾಂಬೂಲನ ಎಡಗೈಲಿ ಈಸ್ಕೊಳ್ಳೋದು ಯಾವೂರ ಪದ್ಧತಿ ಕಣಮ್ಮ?"

"ಅಟ್ಟೂರಿಂದು. ನಮ್ಮೂರಲ್ಲಿ ಕೊಡೋರು ಬಾಯ್ ಮುಚ್ಕೊಂಡು ಕೊಡ್ತಾರೆ."

ಹಿಂದೆ ನಿಂತವರು ನಕ್ಕರು. ಆ ಮೀಸೆ ನಗಲಿಲ್ಲ, ಕಣ್ಣಿನ ಮೂಲೆಯಲ್ಲಿ ಮಾತ್ರ ಏನೋ ಸಣ್ಣಗೆ ಮಿನುಗಿತು. ನಾನು ತಾಂಬೂಲವನ್ನು ಅಲ್ಲೇ ಬಿಟ್ಟು ಬಂದೆ. ಆ ಸಿಟ್ಟಿಗೆ ತಿಂದ ಹೋಳಿಗೆಯೂ ಕಹಿಯಾಯಿತು.

ಕೈ ನೋವು ಎಂದು ಹೇಳಬಾರದಿತ್ತೇ ಎನ್ನುತ್ತೀಯ. ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ನನ್ನದು ಕೀಲುಕೀಲಿಗೂ ಬೆಂಕಿ ಹಚ್ಚುವ ವಾತ. ಹೆಬ್ಬಾಳದ ಡಾಕ್ಟರಮ್ಮ ಹೇಳುವ ಇಂಗ್ಲಿಷ್ ಹೆಸರು ಯಲಹಂಕ ಜಂಕ್ಷನ್ನಿನ ಗೂಡ್ಸ್ ಗಾಡಿಯಷ್ಟು ಉದ್ದ. ನನಗೆ ಅರ್ಥವಾದದ್ದು ಇಷ್ಟು: ಮನೆ ಕಾಯಬೇಕಾದ ನಾಯಿ ಮನೆಯವರನ್ನೇ ಕಚ್ಚುತ್ತಿದೆ. ಅದನ್ನು ಕಟ್ಟಿಹಾಕಬಹುದು, ಓಡಿಸುವುದಕ್ಕಾಗುವುದಿಲ್ಲ. ವಾರಕ್ಕೊಂದು ದಿನ ಮಾತ್ರೆ ನುಂಗಬೇಕು, ಮಾರನೆಯ ದಿನ ಕಾಫಿಯ ವಾಸನೆಗೂ ಹೊಟ್ಟೆ ತೊಳಸುತ್ತದೆ. ಬೆಳಿಗ್ಗೆ ಬೆರಳು ಮಡಚುವುದಿಲ್ಲ, ಬಿಚ್ಚುವುದಿಲ್ಲ. ನಲ್ಲಿ ತಿರುಗಿಸುವುದೇ ಒಂದು ಕುಸ್ತಿ. ಬಿಸಿಲೇರಿದ ಮೇಲೆ ಸಡಿಲ. ಸಂಜೆಗೆ ನಾನು ಮೈಸೂರು ಮಹಾರಾಣಿ.

ಆ ಮಹಾರಾಣಿಯನ್ನು ನೋಡಿದವರು ಬೆಳಗಿನ ನನ್ನನ್ನು ನಂಬುವುದೇ ಇಲ್ಲ. "ಚೆನ್ನಾಗೇ ಇದ್ದೀರಲ್ಲ ಅಜ್ಜಿ" ಎನ್ನುತ್ತಾರೆ. "ವಯಸ್ಸಾದ್ಮೇಲೆ ಎಲ್ರಿಗೂ ಇರೋದೇ" ಎನ್ನುತ್ತಾರೆ. ಮಗ ಇನ್ನೂ ತೊಟ್ಟಿಲಲ್ಲಿದ್ದಾಗ ಹಿಡಿದ ಕಾಯಿಲೆ ಇದು. ಆಗ ನನಗೆ ಎಷ್ಟು ವಯಸ್ಸಾಗಿತ್ತಂತೆ? ಒಬ್ಬಳು ಬದನೆಕಾಯಿ ಬಿಡು ಎಂದಳು. ಇನ್ನೊಬ್ಬಳು ಹರಳೆಣ್ಣೆ ಕುಡಿ ಎಂದಳು. ಒಬ್ಬ ಮಹಾನುಭಾವ ಜೇನುಹುಳದ ಕೈಲಿ ಕಚ್ಚಿಸಿಕೋ ಎಂದ. ಆ ಹುಳವನ್ನು ಅವನ ಬಾಯಿಗೇ ಬಿಡಬೇಕು ಅನ್ನಿಸಿತ್ತು.

ಹೋಗಲಿ, ಕಥೆಗೆ ಬರುತ್ತೇನೆ. ಮುಂದಿನ ವಾರ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅದೇ ಬಿಳಿ ಮೀಸೆ ಕೂತಿತ್ತು. ಮಗಳ ಮನೆಯಲ್ಲೇ ಉಳಿದುಕೊಂಡಿದ್ದರಂತೆ.

"ಅಟ್ಟೂರ ಪದ್ಧತಿ ಕಲಿಯಣ ಅಂತ ಬಂದೆ ಸೊಣ್ಣಮ್ಮೋರೇ."

"ಫೀಸು ಜಾಸ್ತಿ ಯಜಮಾನ್ರೇ."

"ಕಡ್ಲೆಕಾಯಿ ಆಗ್ತದಾ?" ಎಂದು ಪೊಟ್ಟಣ ಬಿಚ್ಚಿದರು.

ಆಗಿಬಿಟ್ಟಿತು. ಅವರ ಹೆಂಡತಿ ತೀರಿಕೊಂಡಿದ್ದರು, ನನ್ನ ಗಂಡನೂ ಇರಲಿಲ್ಲ. ಸಂಜೆಯಾದರೆ ಬೆಂಚಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ನಡುವೆ ಪೊಟ್ಟಣ. ಕಾಯಿ ಸುಲಿಯುವ ನೆಪದಲ್ಲಿ ನನ್ನ ಕಡೆ ನೋಡುವರು. ನಾನು ಥಟ್ಟನೆ ತಿರುಗಿದರೆ ಗಾಬರಿಯಲ್ಲಿ ಕಾಳು ಎಸೆದು ಸಿಪ್ಪೆಯನ್ನು ಬಾಯಿಗೆ ಹಾಕಿಕೊಳ್ಳುವರು. ಪಾಪ, ಅಗಿದು ನುಂಗಿಯೂ ಬಿಡುವರು. ಅದು ಗೊತ್ತಾದ ಮೇಲೆ ನಾನು ಬೇಕಂತಲೇ ತಿರುಗತೊಡಗಿದೆ. ಅವರು ನುಂಗಿದ ಸಿಪ್ಪೆ ಒಂದು ಲಾರಿ ಲೋಡು ಆಗಿರಬೇಕು.

ಒಂದು ದಿನ ಕೇಳಿದರು, "ಬೆಳಿಗ್ಗೆ ಹೊತ್ತು ಕೆರೆ ಏರಿ ಮ್ಯಾಲೆ ವಾಕಿಂಗ್ ಬರಬಾರ್ದಾ?"

ನನ್ನ ಜೀವ ಹಾರಿತು. ಸೊಸೆ ಕಲಾವತಿ ಮೊದಲೇ ಕಿವಿಯಲ್ಲಿ ಊದಿದ್ದಳು. "ಅತ್ತೆ, ಕಾಯಿಲೆ ವಿಚಾರ ಆ ಯಜಮಾನ್ರ ಹತ್ರ ಬಾಯಿ ಬಿಡ್ಬೇಡಿ. ಗೊತ್ತಾದ್ರೆ ಈ ಬೀದಿ ಕಡೆ ತಲೆ ಹಾಕಲ್ಲ." ಅವಳ ಮೇಲೆ ಉರಿದುಬಿದ್ದಿದ್ದೆ. ಆದರೂ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಸಂಜೆಯ ಸೊಣ್ಣಮ್ಮನನ್ನು ಇಷ್ಟಪಟ್ಟವರು ಬೆಳಗಿನವಳನ್ನು ನೋಡಿ ಓಡಿಹೋದರೆ?

ಪೂಜೆ ಇದೆ ಎಂದೆ. ಮರುದಿನ, ನೀರು ಬರುವ ಹೊತ್ತು ಎಂದೆ. ಆಮೇಲೆ ವಿಮಾನದ ಸದ್ದಿಗೆ ತಲೆನೋವು ಎಂದೆ. ಅವರು ಪೊಟ್ಟಣ ಮಡಚಿ ಎದ್ದರು.

"ಅಂದ್ರೆ ಮಬ್ಬುಗತ್ತಲಲ್ಲಿ ಕೂರಕ್ಕೆ ನಾನು ಸರಿ. ಬೆಳಕಲ್ಲಿ ನಾಕು ಜನರ ಮುಂದೆ ನಿಮ್ಗೆ ನಾಚ್ಕೆ. ಆಯ್ತು ಬಿಡಿ."

ಮರುದಿನದಿಂದ ಬೆಂಚು ಖಾಲಿ.

ಆ ಭಾನುವಾರ ಮಗ ಸೊಸೆ ನೆಂಟರ ಮನೆಗೆ ಹೋಗಿದ್ದರು. ಬೆಳಿಗ್ಗೆಯೇ ಬಾಗಿಲು ತಟ್ಟಿದ ಸದ್ದು.

"ಸೊಣ್ಣಮ್ಮೋರೇ, ಚಿಕ್ಕಜಾಲಕ್ಕೆ ವಾಪಸ್ ಹೊಂಟಿದೀನಿ. ಒಂದು ಮಾತು ತಿಳಿಸಿ ಓಗಣ ಅಂತ."

ಮಂಚದಿಂದ ಬಾಗಿಲಿಗೆ ನಾಲ್ಕು ಮಾರು. ಅವತ್ತು ಅದು ತಿರುಪತಿ ಬೆಟ್ಟ. ಗೋಡೆ ಹಿಡಿದು ಬಂದೆ. ಚಿಲಕ ಕೈಗೆ ಸಿಕ್ಕರೂ ಬೆರಳು ಕೇಳುತ್ತಿಲ್ಲ.

ಹೊರಗಿನಿಂದ ನಿಟ್ಟುಸಿರು ಬಂತು. "ಬಾಗ್ಲು ತೆಗೆಯಕ್ಕೂ ಮನಸಿಲ್ವಾ. ಇರ್ಲಿ, ಬತ್ತೀನಿ."

ಆಗ ಬಂದ ಸಿಟ್ಟಿಗೆ ಇಡೀ ಯಲಹಂಕ ಹೊತ್ತಿ ಉರಿಯಬೇಕಿತ್ತು. "ಅಲ್ಲೇ ನಿಂತ್ಕೊಳಿ. ಒಂದು ಹೆಜ್ಜೆ ಇಟ್ರೆ ಗ್ರಾಚಾರ ಬಿಡಿಸ್ತೀನಿ" ಎಂದು ಕೂಗಿ, ಅಂಗೈ ಬುಡದಲ್ಲಿ ಚಿಲಕ ತಳ್ಳಿದೆ.

ಕೆದರಿದ ತಲೆ, ಕೊಕ್ಕೆಯಾದ ಎರಡು ಕೈ. ಅವೆರಡನ್ನೂ ಅವರ ಮೂಗಿನ ಮುಂದೆ ಹಿಡಿದೆ.

"ನೋಡ್ಕೊಳಿ. ತಾಂಬೂಲಕ್ಕೆ ಚಾಚದೇ ಇದ್ದ ಬಲಗೈ ಇದೇ. ವಾಕಿಂಗ್ ಬರದ ಮಹಾರಾಣಿ ಇವಳೇ. ದಿನಾ ಬೆಳಿಗ್ಗೆ ಇಂಗೇ ಇರ್ತೀನಿ. ಸಾಯೋಗಂಟ ಇಂಗೇನೇ. ಈಗ ನೀವೂ ಒಂದು ಎಣ್ಣೆ ಹೆಸರು ಹೇಳಿ ಚಿಕ್ಕಜಾಲದ ಬಸ್ ಹತ್ತಿ."

ಅವರು ಎಣ್ಣೆಯ ಹೆಸರು ಹೇಳಲಿಲ್ಲ. ನನ್ನ ಕೈಯನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು.

"ಬಿಸಿ ತಾಕಿದ್ರೆ ಸುಖವಾಗ್ತದಾ?"

ಇಷ್ಟು ವರ್ಷ ಎಲ್ಲರೂ ನನಗೆ ಹೇಳಿದವರೇ. ಕೇಳಿದವರು ಇವರೊಬ್ಬರೇ. ಬೈಯಲು ತೆರೆದ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ನಾನು ಸೋತದ್ದು ಅಲ್ಲಿ. ಹೌದೆಂದು ತಲೆಯಾಡಿಸಿದೆ.

ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದರು. ರಾಗಿಹಿಟ್ಟು ಎಲ್ಲಿ, ಮುದ್ದೆಕೋಲು ಎಲ್ಲಿ ಎಂದು ಕೂಗಿದರು. ಮೀಸೆಗೆಲ್ಲ ಹಿಟ್ಟು ಮಾಡಿಕೊಂಡು ಮುದ್ದೆ ತೊಳಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ನನ್ನ ಎರಡು ಅಂಗೈ ನಡುವೆ ಇಟ್ಟರು. ಹೊರಗಿನಿಂದ ತಮ್ಮ ಕೈ ಮುಚ್ಚಿ ಹಿಡಿದರು, ಹಿಂಡಲಿಲ್ಲ, ಒತ್ತಲಿಲ್ಲ. ಬಿಸಿ ಮೆಲ್ಲಗೆ ಇಳಿಯಿತು. ಬೆರಳು ಒಂದೊಂದೇ ಬಿಚ್ಚಿಕೊಂಡವು.

"ಬರೀ ಗಂಟು ಐತಲ್ರೀ ಮುದ್ದೇಲಿ" ಎಂದೆ, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ನಾಳೆ ಸರಿಯಾಗ್ತದೆ."

"ನಾಳೆ ನೀವು ಚಿಕ್ಕಜಾಲದಲ್ಲಿ ಇರ್ತೀರಲ್ಲ."

"ಬಸ್ಸು ಓಯ್ತು" ಎಂದರು. ಅವತ್ತು ಆ ಮೀಸೆ ನಕ್ಕಿತು.

ಸಂಜೆ ಮಗ ಸೊಸೆ ಬಂದಾಗ ಅವರು ಮತ್ತೆ ಬಂದರು. ಒಗೆದ ಪಂಚೆ, ಕೈಯಲ್ಲಿ ಎಲೆ ಅಡಿಕೆ. ನಮ್ಮ ಕಡೆ ಮನೆಯವರ ಮುಂದೆ ಒಬ್ಬರು ತಾಂಬೂಲ ಕೊಟ್ಟು, ಇನ್ನೊಬ್ಬರು ಈಸಿಕೊಂಡರೆ ಸಂಬಂಧ ಕುದುರಿದ ಹಾಗೆ. ಪಾರ್ಕಿನ ಹರಟೆಗೆ ಅಡ್ಡಿ ಮಾಡದ ಕಲಾವತಿಗೆ ಇದು ಹಿಡಿಸಲಿಲ್ಲ, ಮುಖ ಕೆಂಪಾಯಿತು.

"ಯಜಮಾನ್ರೇ, ಇವರಿಗೆ ವಾಸಿಯಾಗೋ ಕಾಯಿಲೆ ಅಲ್ಲ. ನಾಳೆ ಹಾಸಿಗೆ ಹಿಡಿದ್ರೆ ಯಾರು ನೋಡ್ಕೋತಾರೆ?"

"ಬೆಳಿಗ್ಗೆ ಮಲಗಿರ್ತಾರೆ, ಸಂಜೆ ಜಗಳಕ್ಕೆ ಏಳ್ತಾರೆ ಕಣಮ್ಮ. ಎರಡನ್ನೂ ನೋಡಿದೀನಿ. ಎರಡೂ ಬೇಕು ನಂಗೆ."

ಮಗ ತಲೆ ತಗ್ಗಿಸಿದ. ಅವರು ನನ್ನ ಕಡೆ ತಿರುಗಿದರು.

"ನಿಮ್ ಕೈಗೆ ಭಾರ ಆಗ್ತದೆ ಅಂತ ತೆಂಗಿನಕಾಯಿ ಬಿಟ್ಟಿದೀನಿ" ಎಂದು ಎಲೆ ಅಡಿಕೆ ಚಾಚಿದರು. ಎಡಗೈಯಲ್ಲಿ. "ಅಟ್ಟೂರ ಪದ್ಧತಿ" ಎಂದರು.

ಈಗ ನೀನು ಹೇಳು ದಿವ್ಯಾ. ನಾನು ಎಡಗೈ ಚಾಚಿದೆನೋ, ಬಲಗೈಯೋ, ಎರಡೂ ಕೈಯೋ, ಇಲ್ಲಾ ಮುಖ ತಿರುಗಿಸಿ ಎದ್ದು ಹೋದೆನೋ? ಸುಮ್ಮನೆ ಯೋಚಿಸಿ ಹೇಳು. ಒಳಗೆ ಮುದ್ದೆ ತೊಳಸುತ್ತಿರುವವರು ಯಾರು ಎಂದು ಇಣುಕಬೇಡ, ಅದು ಮೋಸ.