ಉಪ್ಪು ಹಾಕದ ಕೋಸಂಬರಿ

ಬಾಗಿಲು ತೆರೆದ ಸರೋಜವ್ವನ ಒದ್ದೆ ಕೈಯಿಂದ ನೆನೆದ ಹೆಸರುಬೇಳೆ ಹೊಸ್ತಿಲ ಮೇಲೆ ಉದುರಿತು.

ಅವರೇ!

ಹೋದ ವರ್ಷ ತನ್ನನ್ನು ನೋಡಲು ಬಂದು, ತಾನು ಕೊಟ್ಟ ಅವಲಕ್ಕಿಯ ತಾಟನ್ನು ಮುಟ್ಟದೆ ಸರಿಸಿಟ್ಟು ಹೋದ ಚಿಕ್ಕೇರೂರಿನ ಚನ್ನವೀರಪ್ಪ... ಇವತ್ತು, ದೀಪಾವಳಿ ಅಮಾವಾಸ್ಯೆಯ ದಿನ, ಹಾನಗಲ್ಲಿನ ಅವಳ ಮನೆಯ ಬಾಗಿಲಲ್ಲಿ!

ಪಕ್ಕದಲ್ಲಿ ಸೋದರಮಾವ ಹೊಳಬಸಪ್ಪ ನಗುತ್ತ ನಿಂತಿದ್ದ.

"ಇವರು ನಮ್ಮ ರಟ್ಟೀಹಳ್ಳಿ ಸಾಲಿಗೆ ಹೊಸದಾಗಿ ಬಂದ ಮಾಸ್ತರು. ಸಾಕಿದ ಅಜ್ಜಿನೂ ಈ ವರ್ಷ ಹೋದ್ರಂತ. ಹಬ್ಬದಾಗ ಒಬ್ರ ಕುಂತಿದ್ರು, ಮೋಟಾರ ಹತ್ತಿಸ್ಕೊಂಡ ಬಂದೆ. ಯಾಕವಾ, ದೆವ್ವ ಕಂಡಂಗ ನಿಂತೀ?"

ಹೋದ ವರ್ಷ ಆ ದಿನ ಇಲ್ಲಿರದ ಮಾವನಿಗೆ ಏನೂ ಗೊತ್ತಿಲ್ಲ! ಮಾಸ್ತರನ ಮುಖವೂ ಬಿಳಿಚಿಕೊಂಡಿತ್ತು. ಯಾರ ಮನೆಗೆ ಎಂದು ಅವನೂ ಕೇಳಿಕೊಂಡು ಬಂದಿರಲಿಲ್ಲ.

ಪಡಸಾಲೆಯಲ್ಲಿದ್ದ ಅಪ್ಪ ಕರಿಬಸಪ್ಪ ಅವನನ್ನು ಒಮ್ಮೆ ದಿಟ್ಟಿಸಿ ನೋಡಿದರು. ಹಬ್ಬಕ್ಕೆ ಬಂದವರನ್ನು ಹೋಗೆನ್ನುವ ಮನೆಯಲ್ಲ ಅದು.

"ಬರ್ರಿ. ಕುಂಡ್ರಿ." ಎರಡೇ ಮಾತು.

ಸರೋಜ ಅಡುಗೆಮನೆಗೆ ಸರಿದಳು. ಮೂಲೆಯಲ್ಲಿ ಒದ್ದೆ ಅರಿವೆಯಲ್ಲಿ ಸುತ್ತಿಟ್ಟ ಸವಣೂರಿನ ವೀಳ್ಯದೆಲೆಗಳಿದ್ದವು. ನಾಳೆ ಪಾಡ್ಯದ ದಿನ ಅವು ಅಡಿಕೆಯ ಜೊತೆ ಶಿಗ್ಗಾಂವಿಗೆ ಹೋಗಬೇಕು. ಅವು ಹೋದವೆಂದರೆ ಅಪ್ಪ ಮಾತು ಕೊಟ್ಟಂತೆ, ಮಾತು ಕೊಟ್ಟರೆ ಮದುವೆ ಆದಂತೆ. ಶಿಗ್ಗಾಂವಿಯವರು ಒಳ್ಳೆಯವರೇ. ನಿನಗೆ ಮನಸ್ಸಿದೆಯೇ ಎಂದು ಮಾತ್ರ ಅವಳನ್ನು ಯಾರೂ ಕೇಳಿರಲಿಲ್ಲ.

'ಕೇಳಿದ್ದರೆ ಏನು ಹೇಳುತ್ತಿದ್ದೆ? ತಾಟು ಸರಿಸಿ ಹೋದವನ ಮುಖ ಇನ್ನೂ ಮರೆತಿಲ್ಲ ಅಂತಲೇ?'

ಅಷ್ಟರಲ್ಲಿ ಅವ್ವ ವೀರವ್ವ ಹಣೆ ಒರೆಸಿಕೊಳ್ಳುತ್ತ ಬಂದಳು.

"ಪೂಜಿಗೆ ಬರೂ ಅಯ್ಯನವರು ಇನ್ನೂ ಮ್ಯಾಲಿನ ಓಣ್ಯಾಗ ಅದಾರಂತ. ಏಳೆಂಟು ಮನಿ ಮುಗಿಸ್ಕೊಂಡು ಬರಬೇಕು. ಅವರ ಪ್ರಸಾದ ಆಗೂತನ ಒಲಿ ಮ್ಯಾಗಿಂದು ಯಾರಿಗೂ ಬಡಸಂಗಿಲ್ಲ. ನಿಮ್ಮ ಮಾವ ಆಗಲೇ ಹೋಳಿಗಿ ವಾಸನಿಗೆ ಮೂಗು ಅರಳಿಸ್ಯಾನ. ಒಲಿ ಮ್ಯಾಲ ಇಡದಂಗ ಏನರ ಮಾಡಿ ಕೊಡವಾ."

ಪ್ರತಿ ಹಬ್ಬದಲ್ಲೂ ಇದು ಸರೋಜಳ ಪಾಲಿನ ಕೆಲಸ. ನೆನೆದ ಬೇಳೆಗೆ ಸವತೆಕಾಯಿ ಹೆಚ್ಚಿ ಹಾಕಿದಳು. ಹಸಿಕೊಬ್ಬರಿ ತುರಿದಳು, ಲಿಂಬೆ ಹಿಂಡಿದಳು. ಮಂಡಕ್ಕಿಗೆ ಹಸಿ ಎಣ್ಣೆ, ಪುಟಾಣಿ, ಶೇಂಗಾ ಚಟ್ನಿಪುಡಿ ಬೆರೆಸಿದಳು. ಬೆಲ್ಲದ ಚೂರುಗಳನ್ನು ಬೇರೆ ಇಟ್ಟಳು. ಕೋಸಂಬರಿಗೆ ಮಾತ್ರ ಉಪ್ಪು ಹಾಕಲಿಲ್ಲ. ಮೊದಲೇ ಹಾಕಿದರೆ ಸವತೆಕಾಯಿ ನೀರು ಬಿಡುತ್ತದೆ. ಉಪ್ಪು ಯಾವಾಗಲೂ ತಾಟು ಎತ್ತುವ ಹೊತ್ತಿಗೆ.

ಹಿತ್ತಲಲ್ಲಿ ಕೈಕಾಲು ತೊಳೆಯಲು ಬಂದ ಚನ್ನವೀರಪ್ಪನಿಗೆ ಅವಳೇ ತಂಬಿಗೆ ಕೊಡಬೇಕಾಯಿತು. ಸುಮ್ಮನೆ ತಿರುಗಿ ಬರಬೇಕೆಂದಿದ್ದಳು... ಆದರೆ ಒಂದು ವರ್ಷದ ಮಾತು ಬಾಯಿಗೆ ಬಂದೇಬಿಟ್ಟಿತು.

"ಹ್ವಾದ ವರ್ಷ ಅವಲಕ್ಕಿ ಅಷ್ಟು ಕೆಟ್ಟಿತ್ತೇನ್ರಿ?"

ಅವನು ತಂಬಿಗೆ ಕೆಳಗಿಟ್ಟ.

"ಬಾಯಾಗ ಇಟ್ಟಿದ್ರಲ್ಲೇನ್ರಿ ಹೇಳಾಕ?"

"ಅದಕ್ಕ ಕೇಳಾಕತ್ತೇನಿ. ಯಾಕ ಇಡಲಿಲ್ಲ?"

"ನಮ್ಮಜ್ಜಿ ಕಟ್ಟು ಅದು. ಹೆಣ್ಣು ನೋಡಾಕ ಹ್ವಾದ ಮನ್ಯಾಗ ಮಾತು ಮುಗಿಯೂತನ ಉಪ್ಪು ತಿನಬಾರದು. ತಿಂದು ಒಲ್ಲೆ ಅಂದ್ರ ಉಂಡ ಮನಿಗೆ ಎರಡು ಬಗದಂಗ ಅಂತಿದ್ಲು. ನಿಮ್ಮ ಕಡಿಂದ ಎಲಿ ಅಡಕಿ ಬರತಾವ ಅಂತ ಕಾದ್ವಿ. ಯುಗಾದಿತನ ಕಾದ್ವಿ... ಅಜ್ಜಿ ಹೋಗೂ ದಿನಾನೂ ಕೇಳಿದ್ಲು, 'ಹಾನಗಲ್ಲಿನವ್ರು ಏನಂದ್ರೋ' ಅಂತ."

ಸರೋಜ ಅವನ ಕಡೆ ತಿರುಗಿದಳು.

"ನಮ್ಮ ಕಡೆ ತಾಟು ಸರಿಸಿದ್ರ ಹೆಣ್ಣು ಬ್ಯಾಡ ಅಂದಂಗರಿ. ನಮ್ಮಪ್ಪ ಅವತ್ತು ರಾತ್ರಿ ಉಣಲಿಲ್ಲ..."

ಅವಳು ಅವನು ಕೆಳಗಿಟ್ಟ ತಂಬಿಗೆ ಎತ್ತಿಕೊಂಡಳು.

"ನಾಳೆ ಎಲಿ ಅಡಕಿ ಶಿಗ್ಗಾಂವಿಗೆ ಹೊಂಟಾವ್ರಿ," ಎಂದಳು ಅವಳು ಮೆಲ್ಲಗೆ. ಅಷ್ಟೇ ಹೇಳಿ ಒಳಗೆ ಓಡಿದಳು.

'ಇನ್ನು ನಾನೇನು ಹೇಳಲಿ? ಹೆಣ್ಣು ಬಾಯಿಬಿಟ್ಟು ಕೇಳುವುದುಂಟೆ?'

ಅವಳ ಕಣ್ಣು ಉಪ್ಪಿನ ಬಟ್ಟಲಿನ ಮೇಲೆ ಬಿತ್ತು.

ಅಪ್ಪನ ತಾಟಿಗೆ, ಮಾವನ ತಾಟಿಗೆ ಉಪ್ಪು ಬೆರೆಸಿದ ಕೋಸಂಬರಿ ಹಾಕಿದಳು. ಮೂರನೆಯ ತಾಟಿಗೆ ಮಂಡಕ್ಕಿಯನ್ನೂ ಹಾಕದೆ, ಉಪ್ಪಿಲ್ಲದ ಕೋಸಂಬರಿಯನ್ನಷ್ಟೇ ಹಾಕಿ, ಅದರ ಮುಂದೆ ಬಟ್ಟಲು ಹಿಡಿದು ನಿಂತಳು.

ಹೊಳಬಸಪ್ಪನಿಗೆ ಕಾಣದ್ದುಂಟೆ?

"ಏ ಸರೋಜಿ, ಮಾಸ್ತರಗ ಉಪ್ಪಿಲ್ಲೇನ? ಮದಲ ಸಪ್ಪನ್ನ ಮನಷ್ಯಾ ಅಂವ!"

ಚನ್ನವೀರಪ್ಪ ಬಟ್ಟಲು ನೋಡಿದ. ಆಮೇಲೆ ಅವಳನ್ನು ನೋಡಿದ. ಅವನಿಗೆ ಅರ್ಥವಾಗಿತ್ತು.

"ಗೌಡ್ರ," ಎಂದು ಕರಿಬಸಪ್ಪನ ಕಡೆ ಕೈ ಮುಗಿದ. "ಹ್ವಾದ ವರ್ಷ ನಾ ತಾಟು ಸರಿಸಿದ್ದು ಒಲ್ಲೆ ಅಂತಲ್ರಿ. ಮಾತು ಮುಗಿಯೂ ಮದಲ ಉಪ್ಪು ತಿನಬಾರದು ಅಂತ ನಮ್ಮಜ್ಜಿ ಹೇಳಿದ್ಲು. ಇವತ್ತು ನಿಮ್ಮ ಮನಿ ಉಪ್ಪು ತಿಂದ್ರ... ಆಮ್ಯಾಲ ಬ್ಯಾರೆ ಮಾತಿಲ್ಲರಿ ನನಗ. ಅಪ್ಪಣಿ ನೀವು ಕೊಡಬೇಕು."

ಮಂಡಕ್ಕಿ ಅಗಿಯುತ್ತಿದ್ದ ಮಾವ ಅರ್ಧಕ್ಕೇ ನಿಲ್ಲಿಸಿದ.

"ಅಂದ್ರ... ಒಂದು ವರ್ಷ ನೀವು ನಮ್ಮ ಹಾದಿ ನೋಡಿದ್ರಿ, ನಾವು ನಿಮ್ಮನ್ನ ಬೈಕೋತ ಕುಂತ್ವಿ," ಎಂದರು ಕರಿಬಸಪ್ಪ ನಿಧಾನವಾಗಿ. "ಒಂದು ಮಾತು ಕೇಳಿದ್ರ ಮುಗೀತಿತ್ತು. ನಾನರ ಕೇಳಬೇಕಿತ್ತು."

ಆಮೇಲೆ ಮಗಳ ಕಡೆ ತಿರುಗಿದರು. ಅವಳು ಇನ್ನೂ ಹಿಡಿದೇ ನಿಂತಿದ್ದ ಆ ಉಪ್ಪಿನ ಬಟ್ಟಲನ್ನು ನೋಡಿದರು. ಅವರು ಕೇಳಬೇಕಾಗಿದ್ದದ್ದಕ್ಕೆಲ್ಲ ಅಲ್ಲಿ ಉತ್ತರವಿತ್ತು.

"ಹಾಕವಾ ಉಪ್ಪು."

ಸರೋಜಳ ಕಣ್ಣು ತುಂಬಿ ತಾಟೇ ಕಾಣಲಿಲ್ಲ. ಅಂದಾಜಿನ ಮೇಲೆ ಹಾಕಿದಳು.

"ಏ ವೀರಿ," ಅಪ್ಪ ಒಳಗೆ ಕೂಗಿದರು, "ಶಿಗ್ಗಾಂವಿಗೆ ಅಂತ ಇಟ್ಟ ಎಲಿ ಬಿಚ್ಚಿ ಇಲ್ಲೇ ತಾ!"

"ಅಂದ್ರ ನಾ ಕರಕೊಂಡ ಬಂದದ್ದು ಅಳಿಯನ್ನೇನು?" ಹೊಳಬಸಪ್ಪ ತೊಡೆ ತಟ್ಟಿ ನಕ್ಕ. "ಮೋಟಾರ ಚಾರ್ಜು ಮಾವನ ಮನಿಯವ್ರದು!"

ಓಣಿಯ ತಿರುವಿನಲ್ಲಿ ಅಯ್ಯನವರ ಬರವು ಕಂಡಿತು. ಎಲ್ಲರೂ ಎದುರುಗೊಳ್ಳಲು ಎದ್ದುಹೋದರು. ಚನ್ನವೀರಪ್ಪ ತಾಟಿನ ಕೊನೆಯ ಕಾಳನ್ನೂ ಬಳಿದು ತಿನ್ನುತ್ತಿದ್ದ.

ಸರೋಜ ಅವನ ತಾಟಿನ ತಳದಲ್ಲಿ ಉಳಿದ ಒಂದು ಚೂರು ಬಾಯಿಗಿಟ್ಟು ನೋಡಿ ಹೌಹಾರಿದಳು.

"ಅಯ್ಯ ನಮ್ಮವ್ವಾ! ಬರೇ ಉಪ್ಪು! ಹೆಂಗ ತಿಂದ್ರಿ ಇದನ್ನ?"

"ಈ ಸಲ ತಾಟು ಸರಸಂಗಿಲ್ಲಲ್ರಿ," ಎಂದ ಅವನು.

ಅವಳು ನಗುತ್ತ ನೀರಿನ ತಂಬಿಗೆಯನ್ನು ಅವನ ಕಡೆ ಸರಿಸಿದಳು.