ತಣ್ಣಗಿಟ್ಟ ಆಲೂಗಡ್ಡೆ

"ನನ್ನ ಆಲೂಗಡ್ಡೆ ಮುಟ್ಟಿದ್ದು ನೀವೇ ತಾನೆ?"

ಏರ್ ಫ್ರೈಯರ್‌ನ ಬುಟ್ಟಿಯನ್ನು ಅವಳು ಅವನ ಮುಂದೆ ಹಿಡಿದಳು. ಫ್ರೈಸ್ ಹೊರಗೆಲ್ಲ ಕಪ್ಪಾಗಿದ್ದವು, ಒಳಗೆ ಬೆಂದೇ ಇರಲಿಲ್ಲ.

ದೊಡ್ಡ ಅಂಗಡಿಯೊಂದರಲ್ಲಿ ಎದುರುಬದುರು ಇಬ್ಬರ ಕೌಂಟರ್. ಫ್ರೈಸ್ ಮನೆಯಲ್ಲೇ ಮಾಡಿಕೊಳ್ಳಿ ಎಂದು ಗಿರಾಕಿಗಳಿಗೆ ತೋರಿಸಿ ಏರ್ ಫ್ರೈಯರ್ ಮಾರುವುದು ಅವಳ ಕೆಲಸ. ಅವನು ಮಾರುವುದು ಫ್ರೋಜನ್ ಫ್ರೈಸ್ ಪ್ಯಾಕೆಟ್. ಕ್ಯಾಶ್ ಕೌಂಟರಿನ ಅಕ್ಕ ಅವನಿಗಿಟ್ಟ ಹೆಸರು 'ಐಸ್ ಸಾಹೇಬ'.

ಇವತ್ತು ಅವಳ ಕಂಪನಿಯ ಮೇಲಧಿಕಾರಿ ಬಂದಿದ್ದರು. ಒಂದು ತುಂಡು ಬಾಯಿಗಿಟ್ಟು ಮುಖ ಕಿವುಚಿದ್ದರು.

"ಎಷ್ಟು ಕಹಿಯಮ್ಮ ಇದು! ಊಟ ಮುಗಿಸಿ ಬರ್ತೀನಿ. ಆಗಲೂ ಹೀಗೇ ಇದ್ರೆ ಕೌಂಟರ್ ಮುಚ್ಚೋದೇ."

ಮುಚ್ಚಿದರೆ ಬೇರೆ ಊರಿನ ಅಣ್ಣನ ಮನೆಯೇ ಗತಿ. 'ಈ ಕೆಲಸ ಬೇಡ ಅಂತ ನಾನು ಆಗಲೇ ಹೇಳಿರಲಿಲ್ವಾ' ಎನ್ನುವ ಅಣ್ಣನ ಮುಖ...

"ಹೇಳಿ. ಮುಟ್ಟಿದ್ರಾ, ಇಲ್ವಾ?"

"ಮುಟ್ಟಿದೆ."

ಅವಳು ಬುಟ್ಟಿ ಕೆಳಗಿಟ್ಟಳು. ಇಲ್ಲ ಅನ್ನಬಾರದಿತ್ತೇ... ಇವನು ದಿನಾ ನನಗೆ ಟೀ ತಂದುಕೊಟ್ಟಿದ್ದು ಇದಕ್ಕೇನಾ?

"ಇವತ್ತಿಗೆ ಅಂತ ತರಿಸಿದ್ರಲ್ಲ, ಗೋಡೌನ್‌ನಲ್ಲಿ ಆ ಮೂಟೆ ಮೇಲೆ ಬಿಸಿಲು ಬೀಳ್ತಿತ್ತು," ಎಂದ ಅವನು. "ಕೆಟ್ಟುಹೋಗತ್ತೆ ಅಂತ ಒಂದು ವಾರ ನನ್ನ ಕೂಲರ್‌ನಲ್ಲಿಟ್ಟಿದ್ದೆ. ಬೆಳಿಗ್ಗೆ ವಾಪಸ್ ತಂದಿಟ್ಟೆ."

ಅವಳು ಕಣ್ಣು ಮುಚ್ಚಿಕೊಂಡಳು. "ಆಲೂಗಡ್ಡೇನ ತಣ್ಣಗಿಟ್ರೆ ಅದರ ಹಿಟ್ಟು ಸಕ್ಕರೆ ಆಗತ್ತೆ. ಬೇಯೋಕೆ ಮುಂಚೆನೇ ಕರಕಲಾಗತ್ತೆ."

"ಪ್ಯಾಕೆಟ್‌ನಲ್ಲಿರೋದೂ ಆಲೂಗಡ್ಡೆನೇ ಅಲ್ವಾ?"

"ಅದನ್ನ ಮೊದಲೇ ಅರ್ಧ ಕರಿದಿರ್ತಾರೆ ಸಾಹೇಬ್ರೇ."

ಅವನ ಮುಖ ಸಣ್ಣಗಾಯಿತು. ತರಕಾರಿ ವಿಭಾಗಕ್ಕೆ ಹೋದವನು ಹೊಸ ಆಲೂಗಡ್ಡೆ ತಂದು ಸಿಪ್ಪೆ ತೆಗೆಯತೊಡಗಿದ.

"ನಿಮ್ಮ ಕೌಂಟರ್?"

"ಅಲ್ಲಿರೋದೆಲ್ಲ ಕಲ್ಲಿನ ಹಾಗೆ ಗಟ್ಟಿ. ಓಡಿಹೋಗಲ್ಲ."

ನಗು ಬಂತು, ತಡೆದುಕೊಂಡಳು. ಉದ್ದುದ್ದ ಹೆಚ್ಚಿ ನೀರಿನಲ್ಲಿ ನೆನೆಹಾಕಿದಳು. ಅರ್ಧ ಗಂಟೆಯಾದರೂ ನೆನೆಯಬೇಕು. ಅಷ್ಟರಲ್ಲೇ ಮೇಲಧಿಕಾರಿ ಬಂದುಬಿಟ್ಟರು... ಪಕ್ಕದಲ್ಲಿ ಅಂಗಡಿಯ ಮ್ಯಾನೇಜರ್ ಬೇರೆ.

"ಇನ್ನೂ ನೀರಲ್ಲೇ ಇದೆಯಾ? ಸಾಕು ಬಿಡಮ್ಮ."

ಅವಳು ನೀರಿನ ಪಾತ್ರೆಯನ್ನು ಹತ್ತಿರ ಎಳೆದುಕೊಂಡಳು.

"ತಪ್ಪು ನಂದು ಸರ್," ಎಂದ ಅವನು ಮುಂದೆ ಬಂದು. "ಇವರ ಆಲೂಗಡ್ಡೆ ಕೆಡಿಸಿದ್ದು ನಾನು, ಕೂಲರ್‌ನಲ್ಲಿಟ್ಟು. ಇವರಿಗೆ ಗೊತ್ತೇ ಇರಲಿಲ್ಲ."

ಮ್ಯಾನೇಜರ್ ಹುಬ್ಬು ಗಂಟಿಕ್ಕಿದ. "ಅಂಗಡಿ ಕೂಲರ್‌ನಲ್ಲಿ ಕಂಡವರ ಮೂಟೆನಾ? ಕ್ಯಾಬಿನ್‌ಗೆ ಬಾ."

ಅವನು ಹಿಂದೆಯೇ ಹೋದ. ಮೇಲಧಿಕಾರಿ ಗಡಿಯಾರ ನೋಡಿ, ಸ್ಟೂಲ್ ಎಳೆದುಕೊಂಡು ಕುಳಿತರು.

ನೆನೆದ ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಎಣ್ಣೆ ಸವರಿ, ಬುಟ್ಟಿಗೆ ಹರಡಿದಳು. ಕಣ್ಣು ಮಾತ್ರ ಕ್ಯಾಬಿನ್ ಬಾಗಿಲ ಮೇಲೆ. 'ಅವನ ಕೆಲಸ ಹೋದರೆ ಈ ಕೌಂಟರ್ ಉಳಿದು ನನಗೇನು?'

ಫ್ರೈಸ್ ಹೊಂಬಣ್ಣಕ್ಕೆ ಬಂದವು. ಮೇಲಧಿಕಾರಿ ಒಂದನ್ನು ಕಚ್ಚಿದರು, ಕರುಂ ಎಂದಿತು. ಇನ್ನೊಂದಕ್ಕೆ ಕೈ ಹಾಕಿದರು.

"ಇರಲಿ ಕೌಂಟರ್," ಎಂದು ಎದ್ದುಹೋದರು.

ಕ್ಯಾಬಿನ್ ಬಾಗಿಲು ತೆರೆಯಿತು. ಅವಳು ಕೌಂಟರ್ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಚೆನ್ನಾಗಿ ಉಗಿದ್ರು," ಎಂದ ಹತ್ತಿರ ಬಂದು. "ಕೆಲಸ ಇದೆ."

"ಯಾಕೆ ಒಪ್ಕೊಂಡ್ರಿ?"

"ಕೌಂಟರ್ ಮುಚ್ಚಿದ್ರೆ ನೀವು ಅಣ್ಣನ ಊರಿಗೆ ಹೋಗ್ಬೇಕಾಗತ್ತೆ ಅಂತ ಕ್ಯಾಶ್ ಕೌಂಟರ್ ಅಕ್ಕ ಹೇಳಿದ್ರು. ಎದುರಿಗೆ ನೀವಿಲ್ದೆ... ನಂಗೆ ಆಗಲ್ಲ."

ಅವಳು ತಲೆ ತಗ್ಗಿಸಿದಳು. "ಇನ್ಮೇಲೆ ನನ್ನದೇನೇ ಮುಟ್ಟೋದಿದ್ರೂ ಮೊದಲು ಕೇಳ್ಬೇಕು."

"ಸರಿ. ಕೈ ಹಿಡ್ಕೊಳ್ಳಲಾ?"

ಅವಳು ಕೈ ಮುಂದೆ ಚಾಚಿದಳು.

"ನನ್ನ ಕೈಯಲ್ಲಿ ಎಣ್ಣೆ ಜಿಡ್ಡು ಇದೆ..."

"ಇರಲಿ ಬಿಡಿ."