ಚೊಲೋ ಅಂತ ಬರೆದವರು ಯಾರು?

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 10.20. ಸಿಂಧನೂರು ಠಾಣೆಗೆ ಬಂದ ಆನಂದಕುಮಾರ ದೂರಿನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ವಯಸ್ಸು ಇಪ್ಪತ್ತೆರಡು.

"ಭಾನುವಾರ ನನ್ನ ಮೊಬೈಲ್ ಕದ್ದಾರ್ರೀ ಸಾಹೇಬ್ರ."

"ಕದ್ದಾರೋ, ನೀನ ಕಳಕೊಂಡಿಯೋ?" ಇನ್‌ಸ್ಪೆಕ್ಟರ್ ಯಮನೂರಪ್ಪನ ದನಿ ಯಾವಾಗಲೂ ಒಂದು ಗೇಣು ಮೇಲೆಯೇ.

ಹುಡುಗ ಬೆದರಲಿಲ್ಲ. "ಆರು ತಿಂಗಳಿಂದ ನನಗ ಇಲ್ಲದ ದನಿ ಕೇಳಸ್ತಾವ್ರೀ. ಗುಳಿಗಿ ನಡದಾವ. ದಿನಾ ಮುಂಜಾನೆ ಮೊಬೈಲಿನ್ಯಾಗ ದವಾಖಾನಿ ಆ್ಯಪ್ ಕೇಳತೈತಿ, ನಿದ್ದಿ ಬಂತೇನು, ದನಿ ಬಂದುವೇನು ಅಂತ. ಅದನ್ನ ನೋಡಿ ಡಾಕ್ಟರ್ ಗುಳಿಗಿ ಹೆಚ್ಚುಕಡಿಮಿ ಮಾಡ್ತಾರ. ಕಳವು ಆಗೇ ಇಲ್ಲ, ನಿನ್ನ ಭ್ರಮೆ ಅಂತಾನ ನಮ್ಮ ಮಾವ. ಭ್ರಮೆ ಆಗಿದ್ರ ನಾ ಮತ್ತ ಕೆಟ್ಟೀನಿ ಅಂತರ್ಥ. ಅದೊಂದು ತಿಳಸ್ರೀ."

ಯಮನೂರಪ್ಪನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಎಫ್‌ಐಆರ್ ಬರೆಸಿದ.

ಆ್ಯಪಿನ ದಾಖಲೆ ನೋಡಲು ಆನಂದನ ಒಪ್ಪಿಗೆ ಪತ್ರ ಹಿಡಿದು ಕಾನ್‌ಸ್ಟೆಬಲ್ ಪಕೀರಮ್ಮ ಲಿಂಗಸುಗೂರಿನ ದವಾಖಾನೆಗೆ ಹೋದಳು. 1.40ಕ್ಕೆ ಅವಳ ಫೋನು ಬಂತು.

"ಸರ್, ಇವತ್ತು ಮುಂಜಾನೆ ಏಳು ಗಂಟೆಗೂ ಆ ಮೊಬೈಲಿನಿಂದ ಉತ್ತರ ಬಂದೈತ್ರೀ. ನಿದ್ದಿ ಚೊಲೋ, ದನಿ ಇಲ್ಲ ಅಂತ. ಅದನ್ನ ನಂಬಿ ನಾಳೆ ಗುಳಿಗಿ ಇಳಸೋರಿದ್ರಂತ. ನಾ ತಡದೀನಿ."

ಎದುರಿಗೆ ಕೂತ ಹುಡುಗನ ಕಣ್ಣು ಎರಡು ರಾತ್ರಿ ನಿದ್ದೆಯಿಲ್ಲದೆ ಕೆಂಡವಾಗಿದ್ದವು.

"ಮೊಬೈಲಿನ ಲಾಕ್ ತೆಗಿಯೋ ನಂಬರ್ ಯಾರಿಗೆ ಗೊತ್ತೈತಿ?"

"ನನಗ. ಮಾವಗ."

ಮಾವ ನರಸಣ್ಣ ಆನಂದನನ್ನು ಸಾಕಿ ಬೆಳೆಸಿದವ. ಮಸ್ಕಿಯ ಬೀಜದಂಗಡಿಯಲ್ಲಿ ಚೀಲ ಹೊರುತ್ತಿದ್ದ. ಭಾನುವಾರ ಆನಂದನ ಮನೆಗೆ ಬಂದು ಹೋಗಿದ್ದ. ಟವರ್ ಮಾಹಿತಿಯೂ ಮಸ್ಕಿಯನ್ನೇ ತೋರಿಸಿತು. ಸಂಜೆ 4.15ಕ್ಕೆ ಇಬ್ಬರು ಪಂಚರ ಸಮಕ್ಷಮ ಅವನ ಬುತ್ತಿಚೀಲದಿಂದ ಮೊಬೈಲ್ ಜಪ್ತಿ ಮಾಡಿ ಪಂಚನಾಮೆ ಬರೆದರು.

"ಯಾಕಲೇ?"

"ಇವ ಖರೇ ಖರೇನ ಬರೀತಾನ್ರೀ! ಹಂಗಾದ್ರ ಪಾಸಾಗೋದು ಯಾವಾಗ? ಒಂದು ತಿಂಗಳು ಚೊಲೋ ಅಂತ ಬರದ್ರ ಗುಳಿಗಿ ಬಿಡಸ್ತಾರ, ಹುಡುಗ ಆರಾಮಾದ ಅಂತ ಬರದು ಕೊಡ್ತಾರ ಅಂತ ತಿಳದಿದ್ನಿ."

"ಜ್ವರ ಅವಗ, ಥರ್ಮಾಮೀಟರ್ ನಿನ್ನ ಬಗಲಾಗೇನಲೇ, ಹುಚ್ಚಪ್ಯಾಲಿ!" ಅಂದ ಯಮನೂರಪ್ಪ, ಹುಚ್ಚ ಎಂಬ ಮಾತು ಬಾಯಿಂದ ಬಂದದ್ದಕ್ಕೆ ಕೂಡಲೇ ನಾಲಿಗೆ ಕಚ್ಚಿಕೊಂಡ.

6.30ಕ್ಕೆ ಠಾಣೆಯಲ್ಲಿ ಅವನು ಮೊದಲು ಆನಂದನ ಹತ್ತಿರ ಹೋದ. "ಕಳವು ಖರೇ ತಮ್ಮಾ. ನಿನ್ನ ತಲಿ ಸುಳ್ಳು ಹೇಳಿಲ್ಲ."

ಹುಡುಗ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿರಾಳವಾಗಿ ಉಸಿರು ಬಿಟ್ಟ.

ಪಕೀರಮ್ಮ ಬಂಧನದ ಪತ್ರ ತುಂಬಿಸುತ್ತಿದ್ದಳು. "ನಿಮ್ಮನ್ನ ಹಿಡದದ್ದು ಯಾರಿಗೆ ತಿಳಸಬೇಕ್ರೀ?"

ನರಸಣ್ಣ ತಲೆ ಎತ್ತಲಿಲ್ಲ. "ಇವನ ಬಿಟ್ರ ನನಗ ಯಾರದಾರವ್ವಾ?"

ಆನಂದ ಎದ್ದು ಬಂದು ಪೆನ್ನು ಇಸಕೊಂಡ. ಹೆಸರು ಬರೆದು ಸಹಿ ಮಾಡಿದ. ಆರೋಪಿಗೆ ಸಂಬಂಧದಲ್ಲಿ ಏನಾಗಬೇಕು ಎಂಬ ಸಾಲಿನೆದುರು 'ಮಗ' ಎಂದು ಬರೆದ.

ಯಮನೂರಪ್ಪ ತಿದ್ದಿಸಲು ಹೋಗಲಿಲ್ಲ.